ಎಣ್ಣಿ ಹೊಡೆದು ಬಂದವರು ಮೊದಲು ಮೈ ತೊಳೆಯಿರಿ

ರೈತ ಬಾಂಧವರಿಗೆ, ಕೂಲಿಗೆ ಎಣ್ಣಿ, ಅಂದರೆ ಬೆಳೆಗೆ ಕೀಟನಾಶಕ, ಹೊಡೆಯಲು ಹೋಗುವ ಅಣ್ಣತಮ್ಮಂದಿರಿಗೆ ಶರಣು.

ತೊಗರಿ ಹೂವಿಗೆ ಬಂದಿದೆ, ಕಾಯಿಕೊರಕಕ್ಕೆ ದಿನಾ ಪಂಪು ಹೆಗಲೇರುತ್ತಿದೆ. ಇವತ್ತು ನಾನು ಹೇಳುವುದು ಒಂದೇ ಮಾತು: ಸಿಂಪಡಿಸುವವರ ಮೈಯೊಳಗೆ ವಿಷ ಹೆಚ್ಚಾಗಿ ಇಳಿಯುವುದು ಚರ್ಮದಿಂದ. ಮೂಗಿಗೆ ದಸ್ತಿ ಕಟ್ಟಿದರೆ ಆಯಿತು ಅಂತೀರಿ. ಆಗಲಿಲ್ಲ. ಆ ದಸ್ತಿ ತೊಯ್ದರೆ ವಿಷವನ್ನೇ ತುಟಿಗೆ ಕಟ್ಟಿಕೊಂಡ ಹಾಗೆ.

ಪ್ರೊಫೆನೊಫಾಸ್ ಎಂಬ ಕೀಟನಾಶಕದ ಲೆಕ್ಕ ನೋಡಿ. ಲೀಟರ್ ನೀರಿಗೆ 2 ಎಂ.ಎಲ್., 16 ಲೀಟರ್ ಪಂಪಿಗೆ 32 ಎಂ.ಎಲ್. ಅಂದರೆ ಬಾಟಲಿಯೊಳಗಿನದು ಪಂಪಿನ ನೀರಿಗಿಂತ 500 ಪಟ್ಟು ಗಟ್ಟಿ. ಮುಚ್ಚಳದಲ್ಲಿ ಅಳೆಯುವಾಗ ಬೆರಳ ಮೇಲೆ ಒಂದು ಹನಿ ಹರಿದರೆ, ಪಂಪಿನ 500 ಹನಿ ಬಿದ್ದಂತೆ. ಕೈ ಹಾಕಿ ಕಲಕಬೇಡಿ, ಕೋಲು ತಗೊಳ್ಳಿ. ರಬ್ಬರ್ ಗ್ಲೌಸ್ ಹಾಕಿ. ಬಟ್ಟೆಯದು ಬೇಡ, ಅದು ಹೀರಿಕೊಂಡು ಕೈಗೇ ಅಂಟಿ ಕೂರುತ್ತದೆ.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಎಣ್ಣಿ ಹೊಡೆದ 20ಕ್ಕೂ ಹೆಚ್ಚು ಮಂದಿ ಸತ್ತರು. ಆ ವರ್ಷ ಹತ್ತಿ ಆಳೆತ್ತರ ಬೆಳೆದಿತ್ತು. ಮೊಣಕಾಲೆತ್ತರದ ಗಿಡಕ್ಕೆ ನೋಜಲ್ ಕೆಳಗೆ ಹಿಡಿಯುತ್ತೇವೆ, ಆಳೆತ್ತರದ ಗಿಡಕ್ಕೆ ಮೇಲೆತ್ತಬೇಕು. ಮೇಲೆತ್ತಿದ್ದು ಮುಖ, ಕುತ್ತಿಗೆ, ಎದೆಯ ಮೇಲೇ ಬೀಳುತ್ತದೆ. ಸಾಲಿನೊಳಗೆ ಗಾಳಿಯಾಡುವುದಿಲ್ಲ, ತೊಯ್ದ ಎಲೆ ಎರಡೂ ತೋಳಿಗೆ ಸವರುತ್ತ ಹೋಗುತ್ತದೆ. ಎರಡು ಮೂರು ಔಷಧಿ ಬೆರೆಸಿ ಹೊಡೆದವರೂ ಇದ್ದರು. ನಮ್ಮ ಶಹಾಪುರ, ಸುರಪುರದ ಹತ್ತಿ, ಆಳಂದ, ಚಿತ್ತಾಪುರದ ತೊಗರಿ ಬೇರೆಯೇನು? ಮಳೆ ಚೆನ್ನಾಗಿ ಬಿದ್ದರೆ ಇವೂ ಎದೆ ಮುಟ್ಟುತ್ತವೆ. ಗಾಳಿ ನಿಮ್ಮಿಂದ ಆಚೆ ಬೀಸುವಂತೆ ನಿಲ್ಲಿ, ಹೊಡೆಯದ ಸಾಲಿನ ಕಡೆ ಸರಿಯುತ್ತ ಹೋಗಿ, ಹೊಡೆದ ಸಾಲಿಗೆ ತಿರುಗಿ ನುಗ್ಗಬೇಡಿ.

ಪಂಪಿನ ಮುಚ್ಚಳದ ವಾಷರ್ ಹರಿದಿದ್ದರೆ ಬೆನ್ನು ತೊಯ್ದು ಚಡ್ಡಿಯ ತನಕ ಇಳಿಯುತ್ತದೆ. ತೊಡೆಸಂದಿಯ ಚರ್ಮ ತೆಳುವು, ಮುಂಗೈಗಿಂತ ಎಷ್ಟೋ ಬೇಗ ಹೀರುತ್ತದೆ. ರೇಡಿಯೋದಲ್ಲಿ ಆಡುವ ಮಾತೇ ಇದು ಅನ್ನಬೇಡಿ, ಆಡಲೇಬೇಕು. ವಾಷರ್ ಬದಲಿಸಿ. ನೋಜಲ್ ಕಟ್ಟಿದರೆ ಬಾಯಿಂದ ಊದಬೇಡಿ, ಹುಲ್ಲುಕಡ್ಡಿ ಸಾಕು.

ಮನೆಗೆ ಬಂದವರೇ ಚಹಾಕ್ಕೆ ಕೂರಬೇಡಿ. ಮೊದಲು ಸೋಪು ಹಚ್ಚಿ ಸ್ನಾನ, ತಲೆಗೂದಲು, ಉಗುರುಸಂದಿ ಸಹಿತ. ಆ ಬಟ್ಟೆ ಬೇರೆ ಬಕೆಟ್ಟಿನಲ್ಲಿ ನೆನೆಯಲಿ. ಒಗೆಯುವ ತಂಗಿಯ ಕೈಗೂ ಚರ್ಮವಿದೆ.

ಸಮಯ ಆಗುತ್ತ ಬಂತು, ಬೇಗ ಹೇಳುತ್ತೇನೆ. ತಲೆಸುತ್ತು, ಬೆವರು ಬಂದರೆ ಬಿಸಿಲು ಅಂದುಕೊಳ್ಳುತ್ತೀರಿ. ಕಣ್ಣಿನ ಪಾಪೆ ನೋಡಿ: ಸಾಸಿವೆ ಕಾಳಿನಷ್ಟು ಕಿರಿದಾಗಿ, ಜೊಲ್ಲು ಸುರಿದು, ತೊಡೆಯ ಮಾಂಸ ಅದುರಿದರೆ ಅದು ವಿಷ. ಪ್ರೊಫೆನೊಫಾಸಿನಂಥ ಔಷಧಿ ನರಗಳ ಒಂದು ಕಿಣ್ವವನ್ನು ಕಟ್ಟಿಹಾಕುತ್ತದೆ. ಅದು ಮತ್ತೆ ತುಂಬಿಕೊಳ್ಳಲು ವಾರಗಟ್ಟಲೆ ಬೇಕು. ಹೀಗಾಗಿ ಎಂಟು ದಿನ ಎಂಟು ಹೊಲಕ್ಕೆ ಕೂಲಿ ಹೋದವರು ಒಂಬತ್ತನೆಯ ದಿನ ಸ್ವಲ್ಪಕ್ಕೇ ಬೀಳುತ್ತಾರೆ. ಬಿದ್ದವರಿಗೆ ಹಾಲು, ತುಪ್ಪ ಕುಡಿಸಬೇಡಿ, ಮೈಗೆ ಎಣ್ಣೆ ಹಚ್ಚಬೇಡಿ. ಬಟ್ಟೆ ಬಿಚ್ಚಿ, ಸೋಪು ನೀರಿನಿಂದ ಮೈ ತೊಳೆದು, 108ಕ್ಕೆ ಕರೆ ಮಾಡಿ. ಖಾಲಿ ಬಾಟಲಿಯನ್ನು ಲೇಬಲ್ ಸಮೇತ ಕವರಿನಲ್ಲಿ ಕಟ್ಟಿ ಜೊತೆಗೆ ಒಯ್ಯಿರಿ. ಇಂಥ ವಿಷಕ್ಕೆ ಕೊಡುವ ಅಟ್ರೋಪಿನ್ ಎಂಬ ಮದ್ದು ಕೊಡಬೇಕೋ ಬೇಡವೋ ಎಂದು ಡಾಕ್ಟರಿಗೆ ತಿಳಿಯಲು ಆ ಹೆಸರು ಬೇಕು.