ಬೆಟ್ಟದ ಮೇಲಿನ ಬ್ರಹ್ಮಕಮಲ

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆಯ ಕುಂಡದಲ್ಲಿ ಬ್ರಹ್ಮಕಮಲ ಅರಳುವ ರಾತ್ರಿ ಅಕ್ಕಪಕ್ಕದವರೆಲ್ಲ ಬಂದು ಕೂರುತ್ತಿದ್ದರು. ಬಿಳಿ ಹೂವು ಮೆಲ್ಲಗೆ ಬಿರಿಯುತ್ತಿದ್ದಂತೆ ಅಮ್ಮ ಕುಂಕುಮ ಇಟ್ಟು ಆರತಿ ಎತ್ತುತ್ತಿದ್ದರು. ನಿಮ್ಮ ಮನೆಯಲ್ಲೂ ಹೀಗೇ ಅಲ್ವಾ? ಆ ಗಿಡ ಮೆಕ್ಸಿಕೊ ಕಡೆಯ ಕಳ್ಳಿ ಜಾತಿಯದು. ಹಾಗಂತ ಅದರ ಚೆಲುವೇನೂ ಕಡಿಮೆಯಾಗುವುದಿಲ್ಲ. ಆದರೆ ಅದೇ ಹೆಸರಿನ ಇನ್ನೊಂದು ಹೂವು ಹಿಮಾಲಯದಲ್ಲಿದೆ. ಉತ್ತರಾಖಂಡದ ರಾಜ್ಯಪುಷ್ಪ ಅದು.

ನಾನು ಅದನ್ನು ಕಂಡದ್ದು ಆಗಸ್ಟ್ ತಿಂಗಳಲ್ಲಿ, ಅಲ್ಲಿನ ಘಂಗರಿಯಾ ಎಂಬ ಹಳ್ಳಿಯಿಂದ ಸಿಖ್ಖರ ಯಾತ್ರಾಸ್ಥಳ ಹೇಮಕುಂಡಕ್ಕೆ ಹತ್ತುವಾಗ. ಮರಗಳೆಲ್ಲ ಕೆಳಗೇ ಉಳಿದಿದ್ದವು. ಜಿಟಿಜಿಟಿ ಮಳೆ, ಮಂಜು. ಬಂಡೆಗಳ ಸಂದಿಯಲ್ಲಿ ಎಲೆಕೋಸಿನ ಹಾಗೆ ಏನೋ ಕಾಣಿಸಿತು. ತಿಳಿ ಹಳದಿ, ಕಾಗದದಷ್ಟು ತೆಳು. ಅವೇ ಎಸಳು ಅಂದುಕೊಂಡೆ. ಅಲ್ಲ, ಅವು ಒಂದು ಬಗೆಯ ಎಲೆಗಳು. ಬಗ್ಗಿ ಇಣುಕಿದರೆ ಒಳಗೆ ಕಡು ನೇರಳೆ ಬಣ್ಣದ ಪುಟ್ಟ ಚೆಂಡುಗಳು. ಒಂದೊಂದು ಚೆಂಡಿನಲ್ಲೂ ಕಿರುಹೂಗಳ ಗುಂಪು. ನಮ್ಮ ಸೇವಂತಿಗೆ, ಸೂರ್ಯಕಾಂತಿಯ ಮನೆತನವೇ ಇದರದ್ದು.

ಸುಮಾರು 3,700 ಮೀಟರಿಗಿಂತ ಮೇಲೆ ಬೇಸಿಗೆ ಬಹಳ ಚಿಕ್ಕದು. ಜುಲೈನಿಂದ ಸೆಪ್ಟೆಂಬರ್ ಒಳಗೆ ಹೂ ಬಿಟ್ಟು ಬೀಜ ಕಟ್ಟಬೇಕು. ಆ ತೆಳು ಎಲೆಗಳು ಬೆಳಕನ್ನು ಒಳಗೆ ಬಿಡುತ್ತವೆ, ಮಳೆ ಚಳಿಯನ್ನು ತಡೆಯುತ್ತವೆ. ಹೊರಗೆ ಕೊರೆಯುತ್ತಿದ್ದರೂ ಒಳಗೆ ಕೊಂಚ ಬೆಚ್ಚಗೆ. ಆಮೇಲೆ ಪುಕ್ಕದಂಥ ಕೂದಲು ಹೊತ್ತ ಬೀಜಗಳು ಗಾಳಿಯಲ್ಲಿ ಹಾರಿಹೋಗುತ್ತವೆ.

ಬೀಜ ಬಲಿಯುವ ಮೊದಲೇ ಹೂವು ಕಿತ್ತರೆ? ಮುಂದಿನ ಗಿಡ ಎಲ್ಲಿಂದ ಬರಬೇಕು? ಉತ್ತರಾಖಂಡದ ಗಢವಾಲ್ ಸೀಮೆಯ ಹಳ್ಳಿಯವರಿಗೆ ಈ ಹೂವು ದೇವರ ಹೂವು. ಭಾದ್ರಪದದ ನಂದಾಷ್ಟಮಿಗೆ ಬೆಟ್ಟ ಹತ್ತಿ, ನೇಮದಿಂದ ತಂದು ನಂದಾದೇವಿಗೆ ಏರಿಸುತ್ತಾರೆ. ಅದಕ್ಕೂ ಮುಂಚೆ ಕೀಳಬಾರದು ಅನ್ನುವುದು ಹಿರಿಯರ ಕಟ್ಟಳೆ. ಎಷ್ಟು ತಿಳಿದವರ ಮಾತು ಅದು! ಈಗ ಯಾತ್ರೆಗೆ ಹೋಗುವವರು ಜಾಸ್ತಿ. ಸುಮ್ನೆ ಆಸೆಗೆ ಕಿತ್ತುಕೊಳ್ಳುವವರೂ ಇದ್ದಾರೆ. ಇಳಿಯುವ ದಾರಿಯಲ್ಲಿ ಬಾಡಿ ಬಿದ್ದ ಹೂಗಳನ್ನು ನೋಡಿ ನನಗೆ ತುಂಬಾ ಸಂಕಟವಾಯಿತು. ನೀವು ಅಲ್ಲಿಗೆ ಹೋದರೆ ದಯವಿಟ್ಟು ಕೀಳಬೇಡಿ. ಪಕ್ಕದಲ್ಲಿ ಕೂತು ಕಣ್ತುಂಬ ನೋಡಿ.

ಅಮ್ಮನಿಗೆ ಒಂದು ಹೂವು ತಂದುಕೊಡಬೇಕು ಅಂತ ನನಗೂ ಆಸೆಯಿತ್ತು. ತರಲಿಲ್ಲ. ಫೋಟೊ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಪಾಪ, ಚಳಿಗೆ ಹೊದ್ದುಕೊಂಡು ಕೂತಿದೆ," ಅಂದರು.