ಆರನೇ ಚುಕ್ಕೆ ಇಟ್ಟಾಗ ಒಂದು ತುಂಡು ಎಲ್ಲಿ ಹೋಯ್ತು?

[ತೆರೆಯ ಮೇಲೆ: 1, 2, 4, 8, 16, …]

ಮುಂದಿನ ಸಂಖ್ಯೆ ಹೇಳಿ ನೋಡೋಣ. 32 ತಾನೇ? ಇವತ್ತಿನ ಲೆಕ್ಕದಲ್ಲಿ ಅದು 31. ಆ ಒಂದನ್ನ ಹುಡುಕಿಕೊಂಡು ಹೋಗೋಣ.

ಮೊದಲು ಎರಡು ಪದ, ಬೇಗ ಮುಗಿಸ್ತೀನಿ. ಕೆಲವು ಉದಾಹರಣೆ ನೋಡಿ, ಅಲ್ಲಿ ಕಂಡ ಕ್ರಮ ಎಲ್ಲ ಕಡೆಗೂ ಸರಿ ಅಂತ ಹೇಳೋದು ಅನುಗಮನ ತರ್ಕ. ಹಾಗೆ ಹೇಳಿದ, ಇನ್ನೂ ಸಾಧಿಸದ ಮಾತು ಊಹೆ. 1, 1+3=4, 1+3+5=9: ಬೆಸ ಸಂಖ್ಯೆಗಳನ್ನ ಒಂದರಿಂದ ಕೂಡ್ತಾ ಹೋದರೆ ವರ್ಗ ಸಂಖ್ಯೆ ಬರುತ್ತೆ. ಈ ಊಹೆಗೆ ಸಾಧನೆ ಇದೆ, ಕೈಬಿಡಲ್ಲ. ಆದರೆ ಎಲ್ಲ ಊಹೆಗೂ ಆ ಭಾಗ್ಯ ಇಲ್ಲ.

ಈಗ ಪೆನ್ಸಿಲ್ ತಗೊಳ್ಳಿ. ಒಂದು ದೊಡ್ಡ ವೃತ್ತ, ಅದರ ಪರಿಧಿ ಮೇಲೆ ಚುಕ್ಕೆಗಳು, ಪ್ರತಿ ಎರಡು ಚುಕ್ಕೆಗೆ ಒಂದು ನೇರ ಗೆರೆ. ವೃತ್ತ ಎಷ್ಟು ತುಂಡಾಯ್ತು? 1 ಚುಕ್ಕೆಗೆ 1, 2ಕ್ಕೆ 2, 3ಕ್ಕೆ 4, 4ಕ್ಕೆ 8, 5ಕ್ಕೆ 16. ಆರನೇ ಚುಕ್ಕೆ ಇಡಿ. ಎಣಿಸಿದ ತುಂಡಿನೊಳಗೆ ಅಂಕಿ ಬರೀತಾ ಹೋಗಿ, ಇಲ್ಲಾಂದ್ರೆ ನಡುವಿನ ಚೂರುಗಳಲ್ಲಿ ಲೆಕ್ಕ ತಪ್ಪುತ್ತೆ.

[ತೆರೆಯ ಮೇಲೆ: ಆರು ಚುಕ್ಕೆ, 31 ತುಂಡು]

ನಿಮಗೆ 30 ಬಂತಾ? ಹಾಗಾದ್ರೆ ಚುಕ್ಕೆಗಳನ್ನ ಸಮ ಅಂತರದಲ್ಲಿ ಇಟ್ಟಿದ್ದೀರಿ. ಎದುರುಬದುರು ಚುಕ್ಕೆ ಸೇರಿಸೋ ಮೂರು ಗೆರೆಗಳು ಕೇಂದ್ರದಲ್ಲಿ ಒಂದೇ ಬಿಂದುವಲ್ಲಿ ಕೂಡಿ, ಅಲ್ಲಿ ಮೂಡಬೇಕಿದ್ದ ಪುಟ್ಟ ತ್ರಿಕೋನ ಮುಚ್ಚಿಹೋಗಿದೆ. ಒಂದು ಚುಕ್ಕೆಯನ್ನ ಚೂರು ಸರಿಸಿ, ತ್ರಿಕೋನ ಕಣ್ಣು ಬಿಡುತ್ತೆ. ಎಷ್ಟೇ ಸರಿಸಿದ್ರೂ 32 ಮಾತ್ರ ಬರಲ್ಲ.

ಯಾಕೆ? ಒಂದು ಗೆರೆ ಎಳೆದ್ರೆ ಒಂದು ತುಂಡು ಹೆಚ್ಚುತ್ತೆ. ಆ ಗೆರೆ ಹಳೆ ಗೆರೆಯನ್ನ ದಾಟಿದ ಪ್ರತಿಸಲ ಇನ್ನೊಂದು. ಅಂದ್ರೆ ಒಟ್ಟು ತುಂಡು = 1 + ಗೆರೆಗಳು + ಛೇದನ ಬಿಂದುಗಳು. ಒಂದು ಗೆರೆಗೆ ಎರಡು ಚುಕ್ಕೆ ಬೇಕು. ಒಂದು ಛೇದನಕ್ಕೆ ನಾಲ್ಕು: ಯಾವ ನಾಲ್ಕು ಚುಕ್ಕೆ ಆರಿಸಿದ್ರೂ ಒಂದು ಚತುರ್ಭುಜ, ಅದರ ಕರ್ಣಗಳು ಒಂದೇ ಸಲ ದಾಟುತ್ತವೆ. ಆರು ಚುಕ್ಕೆಯಲ್ಲಿ ಎರಡನ್ನ ಆರಿಸೋಕೆ 15 ದಾರಿ, ನಾಲ್ಕನ್ನ ಆರಿಸೋಕೂ 15. 1+15+15=31.

ನನಗೆ ತುಂಬಾ ಇಷ್ಟವಾದ ಭಾಗ ಇನ್ನು ಬರೋದು. ಇದೇ ಸೂತ್ರವನ್ನ ಪಾಸ್ಕಲ್ ತ್ರಿಕೋನದಲ್ಲಿ ಓದಬಹುದು. ಅದು ಸಂಖ್ಯೆಗಳ ತ್ರಿಕೋನ: ಅಂಚಲ್ಲೆಲ್ಲ 1, ಒಳಗಿನ ಪ್ರತಿ ಅಂಕಿ ಅದರ ಮೇಲಿನ ಎರಡರ ಮೊತ್ತ, ತುದಿಯ ಸಾಲಿಗೆ ಸೊನ್ನೆ ಅಂತ ಎಣಿಕೆ. ಚುಕ್ಕೆಗಿಂತ ಒಂದು ಕಡಿಮೆ ಸಂಖ್ಯೆಯ ಸಾಲು ತಗೊಂಡು, ಮೊದಲ ಐದು ಅಂಕಿ ಕೂಡಿ. 5 ಚುಕ್ಕೆಗೆ 1, 4, 6, 4, 1. ಸಾಲಲ್ಲಿ ಇರೋದೇ ಐದು, ಹಾಗಾಗಿ ಪೂರ್ತಿ ಮೊತ್ತ 16 ಸಿಗುತ್ತೆ. 6 ಚುಕ್ಕೆಗೆ 1, 5, 10, 10, 5, 1. ಐದಕ್ಕೇ ನಿಲ್ಲಬೇಕು, ಕೊನೆಯ 1 ಹೊರಗುಳಿಯುತ್ತೆ. ಕಳೆದುಹೋದ ಒಂದು ಅದೇ!

ಇನ್ನೂ ನೋಡಿ. 7ಕ್ಕೆ 57, 8ಕ್ಕೆ 99, ದ್ವಿಗುಣದ ಸುಳಿವೇ ಇಲ್ಲ. 10 ಚುಕ್ಕೆಗೆ ಬಂದಾಗ 1+9+36+84+126, ಅಂದ್ರೆ 256. ಮತ್ತೆ 2ರ ಘಾತ! ಆ ಸಾಲಲ್ಲಿ ಹತ್ತು ಅಂಕಿ, ಎಡಕ್ಕಿದ್ದದ್ದೇ ಬಲಕ್ಕೆ. ಮೊದಲ ಐದು ಅಂದ್ರೆ 512ರಲ್ಲಿ ಸರಿಯಾಗಿ ಅರ್ಧ.

ಮೋಸ ಹೋಗದಿರೋಕೆ ವ್ಯತ್ಯಾಸದ ಪಟ್ಟಿ ಹಾಕಿ: ಪಕ್ಕಪಕ್ಕದ ಸಂಖ್ಯೆಗಳನ್ನ ಕಳೆದು ಕೆಳಗಿನ ಸಾಲಲ್ಲಿ ಬರೀರಿ.

[ತೆರೆಯ ಮೇಲೆ:
1, 2, 4, 8, 16, 31, 57
1, 2, 4, 8, 15, 26
1, 2, 4, 7, 11
1, 2, 3, 4
1, 1, 1]

ನಾಲ್ಕನೇ ಸಲ ಕಳೆದಾಗ ಎಲ್ಲ 1. ಅಂದ್ರೆ ನಾಲ್ಕನೇ ಘಾತದ ಸೂತ್ರ ಇರಬಹುದು ಅನ್ನೋ ಸುಳಿವು. ಆದರೆ ಬರೀ ಐದು ಸಂಖ್ಯೆ ಇದ್ದಿದ್ದರೆ ಕೆಳಗೆ ಒಂದೇ ಅಂಕಿ ಉಳಿತಿತ್ತು. ಅದು ಸ್ಥಿರವೋ ಅಲ್ಲವೋ ಹೇಳೋಕೇ ಆಗಲ್ಲ. ಯಾವ ಐದು ಸಂಖ್ಯೆ ಕೊಟ್ಟರೂ ನಾಲ್ಕನೇ ಘಾತದೊಳಗಿನ ಸೂತ್ರ ಒಂದು ಹೊಂದಿಯೇ ಹೊಂದುತ್ತೆ. ನಿಜವಾದ ಪರೀಕ್ಷೆ ಶುರುವಾಗೋದು ಆರನೆಯದರಿಂದ.

ಇಂಥ ಊಹೆಗಳು ಇನ್ನೂ ಇವೆ. ಸಮಯ ಕಡಿಮೆ ಇದೆ, ಒಟ್ಟಿಗೆ ಹೇಳಿಬಿಡ್ತೀನಿ. 3, 5, 17, 257, 65537 ಎಲ್ಲ ಅವಿಭಾಜ್ಯ. ಒಂದು ಕಳೆದು, ವರ್ಗ ಮಾಡಿ, ಒಂದು ಕೂಡಿದ್ರೆ ಮುಂದಿನದು ಸಿಗುತ್ತೆ. ಈ ಸಾಲಲ್ಲಿ ಮುಂದಿನವೂ ಹಾಗೇ ಅಂತ ಗಣಿತಜ್ಞ ಫರ್ಮಾ ನಂಬಿದ್ದರು. ಮುಂದಿನ ಸಂಖ್ಯೆ 4294967297 ಅನ್ನ 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ 641 × 6700417 ಅಂತ ಒಡೆದರು. ಎನ್ ವರ್ಗ + ಎನ್ + 41 ಸೂತ್ರ 0ಯಿಂದ 39ರ ತನಕ ನಲವತ್ತು ಸಲ ಅವಿಭಾಜ್ಯ ಕೊಡುತ್ತೆ, 40ಕ್ಕೆ 41 × 41. 1919ರ ಪೋಲ್ಯಾ ಊಹೆ (ಯಾವುದೇ ಸಂಖ್ಯೆಯವರೆಗೆ ನೋಡಿದ್ರೂ, ಕನಿಷ್ಠ ಅರ್ಧದಷ್ಟು ಸಂಖ್ಯೆಗಳನ್ನ ಅವಿಭಾಜ್ಯಗಳಾಗಿ ಒಡೆದಾಗ ಬೆಸ ಎಣಿಕೆ ಬರುತ್ತೆ) ಮೊದಲು ಸೋಲೋದು 906150257ರಲ್ಲಿ, ತೊಂಬತ್ತು ಕೋಟಿ ದಾಟಿದ ಮೇಲೆ. 2ಕ್ಕಿಂತ ದೊಡ್ಡ ಪ್ರತಿ ಸಮ ಸಂಖ್ಯೆಯೂ ಎರಡು ಅವಿಭಾಜ್ಯಗಳ ಮೊತ್ತ ಅನ್ನೋ 1742ರ ಗೋಲ್ಡ್‌ಬಾಕ್ ಊಹೆಯನ್ನ 4ರ ಮುಂದೆ 18 ಸೊನ್ನೆ ಇರೋ ಸಂಖ್ಯೆಯವರೆಗೆ ಕಂಪ್ಯೂಟರ್ ಪರೀಕ್ಷಿಸಿದೆ; ಸಾಧನೆ ಇನ್ನೂ ಇಲ್ಲ.

ನಿಮಗೊಂದು ಕೆಲಸ. ಒಂದು ಘನವನ್ನ ಚಪ್ಪಟೆ ಸಮತಲಗಳಿಂದ ಕತ್ತರಿಸಿದ್ರೆ ಗರಿಷ್ಠ ಎಷ್ಟು ತುಂಡು? ಕತ್ತರಿಸದೇ ಇದ್ದಾಗ 1, ಆಮೇಲೆ 2, 4, 8, ನಾಲ್ಕನೇ ಸಲಕ್ಕೆ 15. ಈ ಸಾಲು ಈಗಷ್ಟೇ ತೆರೆಯ ಮೇಲೆ ಬಂದು ಹೋಯ್ತು, ವ್ಯತ್ಯಾಸದ ಪಟ್ಟಿಯ ಎರಡನೇ ಸಾಲಲ್ಲಿ. ಯಾಕೆ ಅದೇ ಬರುತ್ತೆ ಅಂತ ಪಾಸ್ಕಲ್ ತ್ರಿಕೋನ ಮುಂದಿಟ್ಟುಕೊಂಡು ಹುಡುಕಿ, ಉತ್ತರ ಕಮೆಂಟಲ್ಲಿ ಬರೀರಿ.