ಆರು ಕೊಡ ನೀರು ಸಾಲಲಿಲ್ಲ

ಹೊಲಕ್ಕೆ ಹಾಕುವ ಇದ್ದಿಲು ಮಾಡಲು ಈ ಗುಂಡಿಯಲ್ಲಿ ಉರಿಯುತ್ತಿರುವುದು ಕಾಳು ಬಿಡಿಸಿದ ಗೋವಿನಜೋಳದ ಬೆಂಡು. ಹೇಗೆ ಪೇರಿಸಿದೆ ಎನ್ನುವುದು ವಿಡಿಯೊದಲ್ಲಿ ಕಾಣುತ್ತಲೇ ಇದೆ. ನಾನು ಹೇಳಬೇಕಾದದ್ದು ಹೋದ ವಾರದ ಕಥೆ.

ಅಂದು ಕೆಂಡ ಹದಕ್ಕೆ ಬಂದಿತ್ತು. ಮೇಲೆ ತೆಳ್ಳಗೆ ಬಿಳಿ ಬೂದಿ ಕಾಣಿಸಿಕೊಂಡರೆ ನೀರು ಹೊಯ್ದು ಆರಿಸಬೇಕು, ಇಲ್ಲದಿದ್ದರೆ ಇದ್ದಿಲೆಲ್ಲ ಸುಟ್ಟು ಬೂದಿಯಾಗುತ್ತದೆ. ಅಷ್ಟರಲ್ಲಿ ಕರೆಂಟ್ ಹೋಯಿತು, ಬೋರ್‌ವೆಲ್ ನಿಂತಿತು. ಇದ್ದ ಆರು ಕೊಡ ನೀರು ಸುರಿದೆ. ಮೇಲೆಲ್ಲ ಕಪ್ಪಾಯಿತು, ಹೊಗೆಯೂ ನಿಂತಿತು, ಆರಿತೆಂದು ಮನೆಗೆ ಬಂದೆ. ಬೆಳಿಗ್ಗೆ ಗುದ್ದಲಿ ಹಾಕಿದರೆ ತಳದಲ್ಲಿ ಇನ್ನೂ ಕೆಂಪು! ಹದಿನೈದು ಚೀಲ ಬೆಂಡು ಸುಟ್ಟು ಉಳಿದದ್ದು ಎರಡು ಬುಟ್ಟಿ ಬೂದಿ. ಬೂದಿಯೂ ಗೊಬ್ಬರವೇ ಎಂದು ಪಕ್ಕದ ಹೊಲದವರು ಸಮಾಧಾನ ಹೇಳಿದರು. ಪೊಟ್ಯಾಷ್ ಸಿಗುತ್ತದೆ, ನಿಜ. ಆದರೆ ಬೆಳೆಗೆ ಬೇಕಾದ ಸಾರಜನಕವನ್ನು ಮಣ್ಣಿನಲ್ಲಿ ಹಿಡಿದಿಡುವುದು ಇದ್ದಿಲು, ಬೂದಿಯಲ್ಲ. ಆ ರಾತ್ರಿ ಗುಂಡಿಯ ಬಳಿಯೇ ಮಲಗಬೇಕಿತ್ತು ಎಂದು ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಈ ಸಲ ಎರಡು ಡ್ರಮ್ ನೀರು ಮೊದಲೇ ತುಂಬಿಸಿಟ್ಟಿದ್ದೇನೆ.

ನನ್ನ ಅಂಗೈಯಲ್ಲಿರುವುದು ಹಳೆಯ ಗುಂಡಿಯ ಇದ್ದಿಲಿನ ತುಂಡು. ಬೆಂಡಿನ ಸಣ್ಣ ಸಣ್ಣ ಗೂಡುಗಳು ಹಾಗೆಯೇ ಉಳಿದಿವೆ, ನೋಡಿ. ಇದನ್ನು ಒಣದಾಗಿ ಹೊಲಕ್ಕೆ ಹಾಕಬೇಡಿ, ದಯವಿಟ್ಟು. ಬೆಳೆಯ ಪಾಲಿನ ಸಾರಜನಕವನ್ನು ಮೊದಲು ಇದೇ ಹೀರಿಕೊಂಡೀತು. ಎರಡು ವಾರ ಗಂಜಲ, ಸಗಣಿ ರಾಡಿಯಲ್ಲಿ ನೆನೆಯಲಿ.

ಸಾರಜನಕಕ್ಕೆಂದು ನಾವು ಹಾಕುವ ಯೂರಿಯಾದ ಚೀಲ 50 ಕಿಲೋದಿಂದ 45ಕ್ಕೆ ಇಳಿದು ವರ್ಷಗಳಾದವು. ಅದರಲ್ಲಿ ಸಾರಜನಕ ಸುಮಾರು 20 ಕಿಲೋ. ಅರ್ಧದಷ್ಟಾದರೂ ಬೆಳೆಗೆ ದಕ್ಕಿದರೆ ಪುಣ್ಯ. ಮಿಕ್ಕದ್ದು ಅಮೋನಿಯಾ ಆಗಿ ಗಾಳಿಗೆ, ನೈಟ್ರೇಟ್ ಆಗಿ ಬಾವಿಗೆ. ಅದೇ ಬಾವಿಯ ನೀರನ್ನು ಮಕ್ಕಳಿಗೆ ಕುಡಿಸುತ್ತೇವೆ. ಅಗ್ಗವಾಗಿ ಸಿಗುತ್ತದೆಂದು ಎರಚುವುದು ತಪ್ಪು, ತಪ್ಪೇ.

ಇದ್ದಿಲು ಹಾಕಿದರೆ ಯೂರಿಯಾ ಬೇಡವೇ ಬೇಡ ಎಂದು ಹೋದ ವರ್ಷ ಹೇಳಿದ್ದೆ. ಆ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಇದ್ದಿಲು ಸಾರಜನಕವನ್ನು ಕಾಯುತ್ತದೆ, ಹುಟ್ಟಿಸುವುದಿಲ್ಲ. ಹಾಗಾಗಿ ಈ ಅರ್ಧ ಎಕರೆಯಲ್ಲಿ ಯೂರಿಯಾವನ್ನು ಕಾಲುಭಾಗ ಕಡಿಮೆ ಮಾಡಿ, ಉಳಿದದ್ದನ್ನು ಮೂರು ಕಂತಿನಲ್ಲಿ ಕೊಡುತ್ತಿದ್ದೇನೆ. ಅದೂ ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲದಲ್ಲಿ ಮಾತ್ರ. ನಮ್ಮ ಎರೆ, ಅಂದರೆ ಕಪ್ಪು ಮಣ್ಣಿನ ಹೊಲ ಮೊದಲೇ ಕ್ಷಾರ, ಇದ್ದಿಲೂ ಕ್ಷಾರ. ಅಲ್ಲಿ ಅಮೋನಿಯಾ ಇನ್ನಷ್ಟು ಹಾರಿಹೋದೀತೆಂಬ ಭಯ.

ಹಿಂದೆ ಕಾಣುವ ಬಳ್ಳಾರಿ ಜಾಲಿಯನ್ನೂ ಹೀಗೆ ಸುಡಬಹುದು. ಅದರ ಮುಳ್ಳು ಮುರಿದು ಒಳಗುಳಿದರೆ ವಾರಗಟ್ಟಲೆ ಕೀವು, ನಮ್ಮಪ್ಪನಿಗೆ ಒಮ್ಮೆ... ಇರಲಿ, ಬಿಳಿ ಬೂದಿ ಕಾಣಿಸಿತು. ಕ್ಯಾಮೆರಾ ಇಲ್ಲೇ ಇಡುತ್ತೇನೆ, ಎರಡೂ ಕೈ ಬೇಕು.